ಮಾಗಿಯ ದಿನಗಳಲ್ಲಿ ಕನ್ನಡ ಶಾಲೆ: ಹೊಲದ ಕರೆ, ಗಂಟೆಯ ಕರೆ

ಕಾರ್ತಿಕ ಮಾಸದ ದೀಪಗಳು ಆರುವ ಹೊತ್ತಿಗೆ ಉತ್ತರ ಕರ್ನಾಟಕದ ಬಯಲು ನಾಡಿನಲ್ಲಿ ಮಾಗಿಯ ಚಳಿ ಕಾಲಿಡುತ್ತದೆ. ಬೀದರ, ವಿಜಯಪುರಗಳ ಕಡೆ ನಸುಕಿನ ಉಷ್ಣತೆ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿಯುವ ದಿನಗಳೂ ಉಂಟು. ಅದೇ ಹೊತ್ತಿಗೆ ಹತ್ತಿ ಒಡೆದು ಬೆಳ್ಳಗೆ ನಗುತ್ತದೆ, ತೊಗರಿ ಕಾಯಿ ಬಲಿಯುತ್ತದೆ, ಕಬ್ಬಿನ ಗದ್ದೆಗೆ ಕಡಿಯುವವರ ತಂಡ ಬಂದಿಳಿಯುತ್ತದೆ. ಶಾಲೆಯಲ್ಲಿಯೂ ದಸರಾ ರಜೆ ಮುಗಿದು ವರ್ಷದ ಎರಡನೆಯ ಅವಧಿ ಆರಂಭವಾಗಿರುತ್ತದೆ. ಊರ ಮಕ್ಕಳನ್ನು ಹೊಲವೂ ಕರೆಯುತ್ತದೆ, ಶಾಲೆಯ ಗಂಟೆಯೂ ಕರೆಯುತ್ತದೆ. ಈ ಎರಡು ಕರೆಗಳಲ್ಲಿ ಯಾವುದಕ್ಕೆ ಓಗೊಡಬೇಕೆಂಬುದನ್ನು ಮಗು ತಾನಾಗಿ ನಿರ್ಧರಿಸುವುದಿಲ್ಲ. ನಿರ್ಧರಿಸುವವರು ಮನೆಯ ಹಿರಿಯರು ಮತ್ತು ಹೊಲದ ಒಡೆಯರು. ಆದಕಾರಣ ಚಳಿಗಾಲದ ಶಾಲೆಯ ಸಮಾಚಾರವನ್ನು ಸಮಾಜದ ಪ್ರತಿಯೊಂದು ಮನೆಯವರೂ ಅರಿತಿರುವುದು ಅವಶ್ಯ.

ಖಾಲಿಯಾಗುವ ಸಾಲುಗಳು

ಜೂನ್ ತಿಂಗಳಲ್ಲಿ ತುಂಬಿ ತುಳುಕುವ ತರಗತಿಗಳು ನವೆಂಬರಿನಿಂದ ಫೆಬ್ರವರಿಯವರೆಗೆ ತೆಳುವಾಗುವುದನ್ನು ಹಳ್ಳಿಯ ಶಿಕ್ಷಕರೆಲ್ಲರೂ ಬಲ್ಲರು. ಹತ್ತಿ ಬಿಡಿಸಲು ಪುಟ್ಟ ಬೆರಳುಗಳು ಚುರುಕೆಂಬ ನಂಬಿಕೆಯಿಂದ ಮಕ್ಕಳನ್ನು ಕರೆದೊಯ್ಯುವ ವಾಡಿಕೆ ಇನ್ನೂ ಪೂರ್ತಿ ಅಳಿದಿಲ್ಲ. ತಾಯಿ ಕೂಲಿಗೆ ಹೊರಟರೆ ಕೈಗೂಸನ್ನು ನೋಡಿಕೊಳ್ಳುವ ಹೊಣೆ ಎಂಟು ಹತ್ತು ವರ್ಷದ ಅಕ್ಕನ ಹೆಗಲೇರುತ್ತದೆ. ವಿಜಯಪುರ, ಕಲಬುರಗಿ, ಬೀದರ ಜಿಲ್ಲೆಗಳ ಅನೇಕ ಬಡ ಕುಟುಂಬಗಳು ಕಬ್ಬು ಕಡಿಯಲೆಂದು ನೆರೆಯ ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತವೆ. ಮನೆಯಲ್ಲಿ ಅಜ್ಜ ಅಜ್ಜಿಯರ ಆಸರೆ ಇಲ್ಲದಿದ್ದರೆ ಮಕ್ಕಳೂ ಅವರ ಬೆನ್ನು ಹತ್ತುತ್ತಾರೆ.

ವಾರಕ್ಕೆ ಎರಡು ದಿನ ಮಾತ್ರ ತಪ್ಪಿಸಿದರೆ ಏನಾಯಿತು ಎಂದು ಕೆಲವರು ಕೇಳುವುದುಂಟು. ಲೆಕ್ಕ ಹಾಕಿ ನೋಡೋಣ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟರವರೆಗೆ 220 ದಿನ ಪಾಠಗಳು ನಡೆಯಬೇಕು. ನವೆಂಬರಿನಿಂದ ಫೆಬ್ರವರಿಯವರೆಗೆ ಹದಿನೇಳು ವಾರಗಳು. ವಾರಕ್ಕೆರಡರಂತೆ 34 ದಿನ ಕಳೆದರೆ, ಸಣ್ಣ ತರಗತಿಯ ಮಗು ವರ್ಷದ ಕಲಿಕೆಯಲ್ಲಿ ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲನ್ನು ಕಳೆದುಕೊಂಡಂತಾಯಿತು.

ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ಒಂದು ಆಸರೆಯುಂಟು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತು ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿ ಕಲಿ ಪದ್ಧತಿಯಲ್ಲಿ ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಕೆಯ ಏಣಿಯನ್ನು ಏರುತ್ತದೆ. ಗೈರುಹಾಜರಾಗಿದ್ದ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ನಾಲ್ಕನೆಯ ತರಗತಿಗೆ ಕಾಲಿಟ್ಟ ಮೇಲೆ ಈ ಸೌಕರ್ಯವಿಲ್ಲ. ಭಿನ್ನರಾಶಿಯ ಪಾಠ ನಡೆಯುವಾಗ ಹೊಲದಲ್ಲಿದ್ದ ಬಾಲಕನಿಗೆ ಮುಂದಿನ ದಶಮಾಂಶದ ಪಾಠ ತಿಳಿಯದು. ತಿಳಿಯದ ತರಗತಿಯಲ್ಲಿ ಕುಳಿತಿರುವುದು ಬೇಸರ. ಬೇಸರಗೊಂಡ ಮಗು ಮರುವರ್ಷ ತಾನಾಗಿಯೇ ಹೊಲದ ದಾರಿ ಹಿಡಿಯುತ್ತದೆ. ಒಂದು ಚಳಿಗಾಲದ ಗೈರುಹಾಜರಿ ಹೀಗೆ ಶಾಲೆಯನ್ನೇ ಬಿಡಿಸುವ ಸಂಭವವುಂಟು.

ಹಿರಿಯರು ಹಾಕಿದ ಮೇಲ್ಪಂಕ್ತಿ

ಅಕ್ಷರದ ಬೆಲೆಯನ್ನು ನಮ್ಮ ಸಮಾಜದ ಹಿರಿಯರು ಬಹು ಹಿಂದೆಯೇ ಮನಗಂಡಿದ್ದರು. 1883ರಲ್ಲಿ ರುದ್ರಗೌಡ ಅರಟಾಳರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದ ಮಹನೀಯರ ಶ್ರಮದಿಂದ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ತಲೆಯೆತ್ತಿತು. 1910ರಲ್ಲಿ ವಚನಪಿತಾಮಹ ಡಾ. ಫ. ಗು. ಹಳಕಟ್ಟಿಯವರು ಅಂದಿನ ಬಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಗಲ್ಲಿಟ್ಟರು. 1916ರ ನವೆಂಬರ್ 13ರಂದು, ಇದೇ ಚಳಿಗಾಲದ ಹೊಸ್ತಿಲಲ್ಲಿ, ಸಪ್ತರ್ಷಿಗಳೆಂದು ಖ್ಯಾತರಾದ ಏಳು ಜನ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. ಸಿದ್ಧಗಂಗೆಯ ಪರಮಪೂಜ್ಯ ಡಾ. ಶಿವಕುಮಾರ ಮಹಾಸ್ವಾಮಿಗಳು ಜಾತಿ ಮತಗಳ ಎಣಿಕೆಯಿಲ್ಲದೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳೆಂಬ ತ್ರಿವಿಧ ದಾಸೋಹವನ್ನು ನಡೆಸಿದರು.

ಈ ಮಹನೀಯರು ಕಾಳಜಿ ವಹಿಸಿದ್ದು ಸ್ವಂತ ಮಕ್ಕಳ ಓದಿಗಾಗಿ ಮಾತ್ರವಲ್ಲ. ಊರ ಮಕ್ಕಳೆಲ್ಲರ ಓದಿಗಾಗಿ. ಇಂದು ನಮ್ಮ ಅನೇಕ ಮನೆಗಳ ಮಕ್ಕಳು ವಾಹನವೇರಿ ಪಟ್ಟಣದ ಶಾಲೆಗೆ ತೆರಳುತ್ತಾರೆ. ಅದೇ ಹೊತ್ತಿನಲ್ಲಿ ನಮ್ಮದೇ ಹೊಲಕ್ಕೆ ಹತ್ತಿ ಬಿಡಿಸಲು ಬರುವ ಕೂಲಿಯವಳ ಜೊತೆಯಲ್ಲಿ ಅವಳ ಮಗಳು ಶಾಲೆ ಬಿಟ್ಟು ಬಂದಿದ್ದರೆ, ಅದನ್ನು ಕಂಡೂ ಕಾಣದಂತೆ ಇರುವುದು ದಾಸೋಹ ತತ್ತ್ವಕ್ಕೆ ಒಪ್ಪುವ ಮಾತೇ? ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಾದ ತಿದ್ದುಪಡಿಯಂತೆ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಯಾವುದೇ ದುಡಿಮೆಗೆ ಹಚ್ಚುವಂತಿಲ್ಲ. ತಮ್ಮ ಕುಟುಂಬದ ಕೆಲಸಕ್ಕೂ ಶಾಲೆಯ ವೇಳೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಮಾತ್ರ ಅವರು ನೆರವಾಗಬಹುದು. ಕಾಯಿದೆಯ ಅಂಜಿಕೆಗಿಂತ ಧರ್ಮದ ಅರಿವು ದೊಡ್ಡದು. ಕಾಯಕವೆಂದರೆ ಬಲಿತ ದೇಹದ ದುಡಿಮೆ; ಎಳೆಯ ಮಗುವಿನ ಕಾಯಕ ಕಲಿಕೆಯೇ.

ಮಾಗಿಯ ಕಾರ್ಯಕ್ರಮಗಳು

ವಿಚಿತ್ರವೆಂದರೆ ಸಾಲುಗಳು ಖಾಲಿಯಾಗುವ ಈ ತಿಂಗಳುಗಳಲ್ಲಿಯೇ ಶಾಲೆಯ ಅಂಗಳ ಅತ್ಯಂತ ಸಂಭ್ರಮದಿಂದ ಕೂಡಿರುತ್ತದೆ. ನವೆಂಬರ್ 1ರ ರಾಜ್ಯೋತ್ಸವ, ಕನಕದಾಸರ ಜಯಂತಿ, 14ರ ಮಕ್ಕಳ ದಿನಾಚರಣೆ, 26ರ ಸಂವಿಧಾನ ದಿನ, ಹೀಗೆ ಒಂದರ ಬೆನ್ನಿಗೆ ಒಂದು ಸಮಾರಂಭ. ಕಂಠಪಾಠ, ಕಥೆ ಹೇಳುವುದು, ಜಾನಪದ ಗೀತೆ, ಛದ್ಮವೇಷ, ಚಿತ್ರಕಲೆಗಳ ಪ್ರತಿಭಾ ಕಾರಂಜಿ ಕ್ಲಸ್ಟರ್ ಮಟ್ಟದಿಂದ ತಾಲ್ಲೂಕು, ಜಿಲ್ಲೆಗಳಿಗೆ ಏರುತ್ತದೆ. ವೇದಿಕೆಯನ್ನೇ ಕಾಣದ ಹಳ್ಳಿಯ ಕೂಸು ಮೊದಲ ಬಾರಿಗೆ ಧ್ವನಿವರ್ಧಕದ ಮುಂದೆ ನಿಲ್ಲುವುದು ಇಲ್ಲಿಯೇ.

ಡಿಸೆಂಬರಿನ ಆಸುಪಾಸಿನಲ್ಲಿ ಬಹಳ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಯುತ್ತದೆ. ಮೆಟ್ರಿಕ್ ಮೇಳವೆಂದೂ ಇದನ್ನು ಕರೆಯುವರು. ಮನೆಯ ಹಿತ್ತಲಿನ ಮೆಂತೆ, ಪಾಲಕ, ಬದನೆ, ಪೇರಲ, ಬಾರಿಹಣ್ಣುಗಳನ್ನು ಮಕ್ಕಳೇ ತಂದು ಸಾಲಾಗಿ ಕುಳಿತು ಮಾರುತ್ತಾರೆ. ಕೆಲವರು ಮಂಡಕ್ಕಿ ಮಿರ್ಚಿಯ ಅಂಗಡಿ ಹೂಡುತ್ತಾರೆ. ಕಾಲು ಕಿಲೋ ಸೊಪ್ಪಿಗೆ ಎಷ್ಟು, ಐವತ್ತು ರೂಪಾಯಿ ಕೊಟ್ಟವರಿಗೆ ಚಿಲ್ಲರೆ ಎಷ್ಟು ಎಂಬ ಲೆಕ್ಕ ಕರಿಹಲಗೆಯ ಮೇಲಿನ ಲೆಕ್ಕಕ್ಕಿಂತ ಬೇಗ ಮನಸ್ಸಿಗೆ ಹತ್ತುತ್ತದೆ. ಡಿಸೆಂಬರ್ 22 ಶ್ರೀನಿವಾಸ ರಾಮಾನುಜನ್ನರ ಜನ್ಮದಿನ, ರಾಷ್ಟ್ರೀಯ ಗಣಿತ ದಿನ. ಆ ವಾರವೇ ಸಂತೆಯನ್ನು ಏರ್ಪಡಿಸಿದರೆ ಇನ್ನೂ ಅರ್ಥಪೂರ್ಣ. ತಾಯಂದಿರು ಮರೆಯದೆ ಹೋಗಿ ಕೊಳ್ಳಬೇಕು, ಚೌಕಾಸಿಯನ್ನೂ ಮಾಡಬೇಕು. ಮಕ್ಕಳಿಗೆ ಅದೂ ಪಾಠವೇ.

ಶೈಕ್ಷಣಿಕ ಪ್ರವಾಸಗಳಿಗೂ ಇದೇ ತಕ್ಕ ಕಾಲ. ಕೃಷ್ಣಾ ಮಲಪ್ರಭೆಗಳು ಕೂಡುವ ಕೂಡಲಸಂಗಮದ ಐಕ್ಯಮಂಟಪ, ಬಾದಾಮಿಯ ಗುಹೆಗಳು, ಐಹೊಳೆ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು ಇವು ಮಕ್ಕಳು ನೋಡಲೇಬೇಕಾದ ತಾಣಗಳು. ಆದರೆ ಎಚ್ಚರಿಕೆಯೂ ಅಗತ್ಯ. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆಂದು ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಅಸುನೀಗಿದ ಘಟನೆ ನಾಡನ್ನೇ ಕಲಕಿತು. ನೀರಿರುವ ತಾಣಗಳಲ್ಲಿ ಮಕ್ಕಳನ್ನು ದಡದಿಂದ ದೂರವಿರಿಸುವುದು, ಹಗಲಿನಲ್ಲಿಯೇ ಪಯಣಿಸುವುದು, ಶಿಕ್ಷಕರೊಂದಿಗೆ ಒಂದಿಬ್ಬರು ಪಾಲಕರೂ ಜೊತೆಗೂಡುವುದು ಕ್ಷೇಮ.

ಐದನೆಯ ತರಗತಿಯ ಮಕ್ಕಳ ಪಾಲಕರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಆರನೆಯ ತರಗತಿಗೆ ಪ್ರವೇಶ ನೀಡುವ ನವೋದಯ ವಿದ್ಯಾಲಯ, ಮೊರಾರ್ಜಿ ದೇಸಾಯಿ ಹಾಗೂ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಪರೀಕ್ಷೆಗಳಿಗೆ ಮಕ್ಕಳು ಸಿದ್ಧತೆ ನಡೆಸಬೇಕಾದದ್ದೂ ಈ ದಿನಗಳಲ್ಲಿಯೇ. ಅರ್ಜಿಯ ಕೊನೆಯ ದಿನಾಂಕವನ್ನು ಮುಖ್ಯೋಪಾಧ್ಯಾಯರಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಲೇಸು. ಬಡ ಮನೆಯ ಚುರುಕು ಮಗುವಿಗೆ ಈ ಪರೀಕ್ಷೆ ಬಾಳಿನ ದಿಕ್ಕನ್ನೇ ಬದಲಿಸಬಲ್ಲದು.

ಜನವರಿ ತಿಂಗಳು ಶರಣಸ್ಮರಣೆಯ ಮಾಸವೇ ಸರಿ. 2ನೆಯ ತಾರೀಖು, 2023ರಲ್ಲಿ ಲಿಂಗೈಕ್ಯರಾದ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಮಹಾಸ್ವಾಮಿಗಳ ನೆನಹು. 3ರಂದು, 1848ರಲ್ಲಿಯೇ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ ಸಾವಿತ್ರಿಬಾಯಿ ಫುಲೆಯವರ ಜಯಂತಿ. ಸಂಕ್ರಾಂತಿಯ ವೇಳೆಗೆ, ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶಿವಯೋಗಿ ಸಿದ್ಧರಾಮೇಶ್ವರರ ಜಯಂತಿ. 21ರಂದು, 2019ರಲ್ಲಿ ಶಿವೈಕ್ಯರಾದ ಸಿದ್ಧಗಂಗೆಯ ಶ್ರೀಗಳ ಪುಣ್ಯಸ್ಮರಣೆ. ಇದನ್ನು ದಾಸೋಹ ದಿನವೆಂದು ಆಚರಿಸಲಾಗುತ್ತಿದೆ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರವು ವಿಶ್ವಗುರು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಈ ದಿನಗಳಲ್ಲಿ ಶಾಲೆಯವರು ಒಪ್ಪಿದಲ್ಲಿ ವಚನ ಬಲ್ಲ ಹಿರಿಯರು ಅರ್ಧ ಗಂಟೆ ಮಕ್ಕಳೊಡನೆ ಕುಳಿತು ಶರಣರ ಕಥೆಗಳನ್ನು ಹೇಳಬಹುದು. ಗಣರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವ, ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನ, ಮೇಲ್ತರಗತಿಯ ಮಕ್ಕಳ ಬೀಳ್ಕೊಡುಗೆಗಳೊಂದಿಗೆ ಮಾಗಿಯ ಕಾರ್ಯಕ್ರಮಗಳು ಮುಗಿಯುತ್ತವೆ.

ಅಕ್ಷರ ದಾಸೋಹದ ಬಿಸಿ

ಕಲ್ಯಾಣದ ಶರಣರು ಬೆಳಗಿದ ದಾಸೋಹವೆಂಬ ಮಾತು ಇಂದು ಸರ್ಕಾರಿ ಶಾಲೆಯ ಅಡುಗೆಮನೆಯ ಬಾಗಿಲಿನ ಮೇಲೆ ಬರೆಯಲ್ಪಟ್ಟಿದೆ. 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭಗೊಂಡ ಅಕ್ಷರ ದಾಸೋಹ ಯೋಜನೆ ಮುಂದೆ ನಾಡಿನಾದ್ಯಂತ ವ್ಯಾಪಿಸಿತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಬಂದಿತು. 18 ಗ್ರಾಂ ಹಾಲಿನ ಪುಡಿಯಿಂದ ತಯಾರಾದ 150 ಮಿಲಿಲೀಟರ್ ಬಿಸಿ ಹಾಲು ಪ್ರತಿ ಮಗುವಿನ ಲೋಟಕ್ಕೆ. ಮೊಟ್ಟೆ ಸೇವಿಸದ ಮನೆತನದ ಮಕ್ಕಳಿಗೆ ಬಾಳೆಹಣ್ಣು ನೀಡುವ ವ್ಯವಸ್ಥೆಯೂ ಇದೆ. ನಸುಕಿನಲ್ಲಿ ಬರೀ ಹೊಟ್ಟೆಯಿಂದ ನಡುಗುತ್ತ ಬಂದ ಮಗುವಿಗೆ ಆ ಬಿಸಿ ಹಾಲು ಎಂಥ ಆಸರೆಯೆಂಬುದನ್ನು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಶಾಲೆಗೆ ಹೋದವರು ಕಣ್ಣಾರೆ ಕಾಣಬಹುದು. ಹೊಲಕ್ಕೆ ಹೋದ ಮಗು ಪಾಠದೊಂದಿಗೆ ಈ ಹಾಲನ್ನೂ, ಮಧ್ಯಾಹ್ನದ ಬಿಸಿಯೂಟವನ್ನೂ ಕಳೆದುಕೊಳ್ಳುತ್ತದೆ.

ನಮ್ಮ ಮನೆಗಳಿಂದ ಆಗಬಹುದಾದ ಸೇವೆ

ಇಷ್ಟು ತಿಳಿದ ಮೇಲೆ ಸದ್ಭಕ್ತರು ಮಾಡಬಹುದಾದ ಸೇವೆ ದೊಡ್ಡ ವೆಚ್ಚದ್ದೇನೂ ಅಲ್ಲ.

ಮೊದಲನೆಯದಾಗಿ, ಜಮೀನುಳ್ಳವರು ಕೂಲಿಯ ಮಾತುಕತೆಯ ವೇಳೆಯಲ್ಲಿಯೇ ಶಾಲೆಗೆ ಹೋಗುವ ಮಕ್ಕಳನ್ನು ಕೆಲಸಕ್ಕೆ ಕರೆತರಬಾರದೆಂದು ಸ್ಪಷ್ಟವಾಗಿ ಹೇಳಬೇಕು. ಒಬ್ಬಿಬ್ಬರು ದೊಡ್ಡ ಹಿಡುವಳಿದಾರರು ಹೀಗೆ ಕಟ್ಟುನಿಟ್ಟಾದರೆ ಊರಿಗೆ ಊರೇ ಅನುಸರಿಸುವುದು. ಎರಡನೆಯದಾಗಿ, ಗುಳೆ ಹೋಗುವ ನೆರೆಯವರ ಮಕ್ಕಳು ಅಜ್ಜಿಯ ಬಳಿ ಉಳಿಯುವುದಾದರೆ ಆ ಮನೆಗೆ ಸಂಜೆಯ ರೊಟ್ಟಿ ಪಲ್ಯ ತಲುಪಿಸುವ ಹೊಣೆಯನ್ನು ಅಕ್ಕಪಕ್ಕದ ನಾಲ್ಕು ಮನೆಗಳು ಹಂಚಿಕೊಳ್ಳಬಹುದು. ಮೂರನೆಯದಾಗಿ, ತೊದಲು ನುಡಿವ ಕೈಗೂಸುಗಳನ್ನು ಅಂಗನವಾಡಿಗೆ ಸೇರಿಸಲು ತಾಯಂದಿರಿಗೆ ನೆರವಾದರೆ ಅಕ್ಕಂದಿರಿಗೆ ಶಾಲೆಯ ದಾರಿ ತೆರೆಯುತ್ತದೆ. ನಾಲ್ಕನೆಯದಾಗಿ, ಮನೆಯ ಮಕ್ಕಳಿಗೆ ಗಿಡ್ಡವಾದ, ಆದರೆ ಹರಿಯದ ಸ್ವೆಟರುಗಳನ್ನು ತೊಳೆದು ಮಡಿಸಿ, ಕೊಟ್ಟವರ ಹೆಸರಿಲ್ಲದೆ ಮುಖ್ಯೋಪಾಧ್ಯಾಯರ ಕೈಗೆ ಒಪ್ಪಿಸಬಹುದು.

ಕೊನೆಯದಾಗಿ, 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಪಾಲಕರನ್ನೊಳಗೊಂಡ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಅದರ ಸಭೆಯಲ್ಲಿ ಕಟ್ಟಡ, ಬಣ್ಣಗಳ ಮಾತಿನೊಡನೆ ಹಾಜರಿ ಪುಸ್ತಕವನ್ನೂ ತೆರೆದು ನೋಡುವಂತಾಗಲಿ. ಯಾರು ಬರುತ್ತಿಲ್ಲ, ಏಕೆ ಬರುತ್ತಿಲ್ಲ ಎಂದು ಹೆಸರು ಹಿಡಿದು ವಿಚಾರಿಸಿ, ಆ ಮನೆಗೆ ಇಬ್ಬರು ಹಿರಿಯರು ಹೋಗಿ ಬಂದರೆ ಅರ್ಧ ಕೆಲಸ ಆದಂತೆಯೇ.

ಎಳ್ಳ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ತೆರಳಿ, ಭೂತಾಯಿಗೆ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆಗಳನ್ನು ಬಂಧು ಬಳಗದೊಡನೆ ಸವಿಯುವುದು ನಮ್ಮ ಸೀಮೆಯ ಹಿರಿದಾದ ಸಂಪ್ರದಾಯ. ಆ ಒಂದು ದಿನ ಮಕ್ಕಳು ಹೊಲದಲ್ಲಿ ಮನಸಾರೆ ಕುಣಿದಾಡಲಿ. ಮರುದಿನ ಬೆಳಿಗ್ಗೆ ನಮ್ಮ ಮಕ್ಕಳೂ, ನಮ್ಮ ಹೊಲದಲ್ಲಿ ದುಡಿಯುವವರ ಮಕ್ಕಳೂ ಪಾಟಿಚೀಲ ಹೊತ್ತು ಶಾಲೆಯ ದಾರಿ ಹಿಡಿಯಲಿ. ಬಿತ್ತಿದ ಬೀಜ ನಾಲ್ಕು ತಿಂಗಳಲ್ಲಿ ಫಲ ಕೊಡುತ್ತದೆ. ಕಲಿತ ಅಕ್ಷರ ತಲೆಮಾರುಗಳವರೆಗೆ ಫಲ ಕೊಡುತ್ತದೆ. ಈ ಮಾಗಿಯಲ್ಲಿ ಸಮಾಜ ಬಾಂಧವರೆಲ್ಲರೂ ತಮ್ಮ ಊರಿನ ಕನ್ನಡ ಶಾಲೆಗೆ ಒಮ್ಮೆಯಾದರೂ ಭೇಟಿಯಿತ್ತು, ಹಾಜರಿ ಪುಸ್ತಕದ ಒಂದಾದರೂ ಖಾಲಿ ಮನೆಯನ್ನು ತುಂಬಿಸುವ ಸಂಕಲ್ಪ ತೊಡಲೆಂದು ವಿನಂತಿ.