ನಿಂತ ಕಾರಿಗೆ ಮೈಲೇಜಿಲ್ಲ

ಬೆಂಗಳೂರು: ಹಲಸೂರಿನಿಂದ ಹಳೆ ಮದ್ರಾಸು ರಸ್ತೆಯಲ್ಲಿ ಕೆ.ಆರ್. ಪುರದತ್ತ ಹೊರಟ ಕಾರು ದಟ್ಟಣೆಯ ವೇಳೆ ಪದೇ ಪದೇ ನಿಲ್ಲುತ್ತದೆ. ನಿಂತಾಗಲೂ ಎಂಜಿನ್ ಚಾಲೂ ಇದ್ದರೆ ಇಂಧನ ವ್ಯರ್ಥ, ಎ.ಸಿ. ಹಾಕಿದ್ದರೆ ನಷ್ಟ ಇನ್ನಷ್ಟು.

ಟಿನ್ ಫ್ಯಾಕ್ಟರಿ ಸಿಗ್ನಲ್‌ನಲ್ಲಿ ಅರ್ಧ ನಿಮಿಷಕ್ಕೂ ಹೆಚ್ಚು ಕಾಯಬೇಕಿದ್ದರೆ ಎಂಜಿನ್ ಆರಿಸುವುದು ಲೇಸು. ದೂರದಲ್ಲೇ ಕೆಂಪು ದೀಪ ಕಂಡರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಗೇರ್‌ನಲ್ಲೇ ಸಾಗಬೇಕು. ಆಗ ಇಂದಿನ ಎಂಜಿನ್‌ಗಳು ಇಂಧನ ಪೂರೈಕೆಯನ್ನೇ ಕಡಿತಗೊಳಿಸುತ್ತವೆ. ನ್ಯೂಟ್ರಲ್‌ನಲ್ಲಿ ಈ ಉಳಿತಾಯವಿಲ್ಲ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಸೂಚಿಸಿದಷ್ಟು ಗಾಳಿ ಟೈರ್‌ಗಳಲ್ಲಿರಬೇಕು. ಅದನ್ನು ಟೈರ್ ತಣ್ಣಗಿರುವಾಗ ಪರೀಕ್ಷಿಸಬೇಕು.

2023ರ ಅಕ್ಟೋಬರ್‌ನಿಂದ ನೇರಳೆ ಮೆಟ್ರೊ ಹಲಸೂರು, ಇಂದಿರಾನಗರಗಳಿಂದ ನೇರವಾಗಿ ಕೆ.ಆರ್. ಪುರ ತಲುಪುತ್ತಿದೆ. ಒಬ್ಬರೇ ಹೋಗುವ ದಿನ ಕಾರು ಮನೆಯಲ್ಲೇ ಉಳಿದರೆ ಅದಕ್ಕಿಂತ ದೊಡ್ಡ ಉಳಿತಾಯ ಮತ್ತೊಂದಿಲ್ಲ.