ನಿಮಗಿದು ಗೊತ್ತೆ? ಮೋಟರ್‌ಹೋಮ್ ನಲ್ಲಿಯಲ್ಲಿ ಗುಲಾಬಿ ನೀರು!

ಅಮೆರಿಕ, ಕೆನಡಾದ ಚಳಿಪ್ರದೇಶಗಳಲ್ಲಿ ಅನೇಕ ಮೋಟರ್‌ಹೋಮ್‌ಗಳು (ಮನೆಯಂತೆ ವಾಸಿಸಬಹುದಾದ ವಾಹನಗಳು) ಚಳಿಗಾಲವಿಡೀ ನಿಂತಲ್ಲೇ ನಿಂತಿರುತ್ತವೆ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುವುದರಿಂದ ಪೈಪು ಒಡೆಯುವ ಭಯ. ಅದಕ್ಕೇ ನೀರು ಖಾಲಿ ಮಾಡಿ, ಪ್ರೊಪಿಲೀನ್ ಗ್ಲೈಕಾಲ್ ಬೆರೆತ ಗುಲಾಬಿ ಬಣ್ಣದ ದ್ರಾವಣ ತುಂಬಿಸಿಡುತ್ತಾರೆ. ರೇಡಿಯೇಟರ್‌ಗೆ ಬಳಸುವ ಎಥಿಲೀನ್ ಗ್ಲೈಕಾಲ್ ವಿಷ; ಅದನ್ನು ಇಲ್ಲಿ ಬಳಸುವಂತಿಲ್ಲ.

ವಸಂತ ಬಂದಾಗ ಎಲ್ಲ ನಲ್ಲಿ ತೆರೆದು, ಗುಲಾಬಿ ಬಣ್ಣ ಹೋಗಿ ತಿಳಿನೀರು ಬರುವವರೆಗೆ ಹರಿಸಬೇಕು. ಬಳಿಕ ಸೋಂಕು ನಿವಾರಣೆಗಾಗಿ ಟ್ಯಾಂಕಿಗೆ 57 ಲೀಟರ್ ನೀರಿಗೆ 60 ಮಿ.ಲೀ. ಲೆಕ್ಕದಲ್ಲಿ ಸುವಾಸನೆಯಿಲ್ಲದ ಬ್ಲೀಚ್ ಬೆರೆಸಿ, ಪಂಪ್ ಹಾಕಿ, ನಲ್ಲಿಗಳಲ್ಲಿ ಕ್ಲೋರಿನ್ ವಾಸನೆ ಬಂದೊಡನೆ ಮುಚ್ಚಬೇಕು. ಕನಿಷ್ಠ 4 ಗಂಟೆ ಬಿಟ್ಟು, ವಾಸನೆ ಹೋಗುವಷ್ಟು ತೊಳೆದ ಮೇಲೆಯೇ ಕುಡಿಯಲು ಬಳಸಬೇಕು.

ಎಚ್ಚರ: ನೀರು ತುಂಬುವ ಮೊದಲೇ ಗೀಸರ್ ಹಾಕಿದರೆ ಅದರ ಕಾಯಿಲ್ ಸುಟ್ಟುಹೋಗುತ್ತದೆ.