ಬುರುಡೆ ಬುರುಡೆ ಬಿಡುವುದಿಲ್ಲ

ಒಂದು ಭಾನುವಾರ ಬೆಳಿಗ್ಗೆ ಉಪ್ಪಲ್ಲಿನ ನಲ್ಲ ಚೆರುವಿನ ಕಡೆಗೆ ನಾವು ಮೂರು ನಾಲ್ಕು ಮನೆಯವರು ಮಕ್ಕಳೊಡನೆ ತಿರುಗಾಡಲು ಹೋಗಿದ್ದೆವು. ಮುಂದೆ ಓಡಿದ್ದ ಹುಡುಗನೊಬ್ಬ “ಪುರ್ರೆ! ಪುರ್ರೆ!” ಎಂದು ಕೂಗಿದ. ಅವನ ಅಜ್ಜಿ, “ಪುರ್ರೆ ಅನ್ನೋದು ತೆಲುಗು. ನಮ್ಮಲ್ಲಿ ಬುರುಡೆ ಅಂತಾರೆ ಕಣೋ” ಎಂದು ತಿದ್ದಿದರು. ಹುಡುಗ ಕಣ್ಣರಳಿಸಿ, “ಬುರುಡೆ ಅಂದ್ರೆ ಸುಳ್ಳು ಅಲ್ವಾ ಅಜ್ಜಿ?” ಎಂದ. ಮನೆಯಲ್ಲಿ ದಿನವೂ “ಬುರುಡೆ ಬಿಡಬೇಡ” ಎಂದು ಗದರಿಸಿಕೊಂಡ ಮಗು, ಅವನದೇನು ತಪ್ಪು? ನಾವೆಲ್ಲ ನಕ್ಕೆವು.

ಆದರೆ ಅಲ್ಲಿ ಬಿದ್ದಿದ್ದ ಆ ಮೇಕೆಯ ಬುರುಡೆ ಸುಳ್ಳು ಹೇಳುವಂಥದಲ್ಲ. ಓದಲು ಬಂದರೆ ಅದೊಂದು ಪುಸ್ತಕವೇ ಸರಿ.

ಮೊದಲು ಹಲ್ಲುಗಳನ್ನು ನೋಡೋಣ. ಮೇಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳೇ ಇಲ್ಲ. ಅಲ್ಲಿ ಗಟ್ಟಿಯಾದ ವಸಡು ಮಾತ್ರ. ಕೆಳಗಿನ ಹಲ್ಲುಗಳನ್ನು ಅದಕ್ಕೆ ಒತ್ತಿ ಸೊಪ್ಪನ್ನು ಕೀಳುತ್ತದೆ. ಹಿಂದಿನ ದವಡೆಹಲ್ಲುಗಳು ಬೀಸುವ ಕಲ್ಲಿನಂತೆ ಗೀರುಗೀರಾಗಿವೆ. ದವಡೆಯೂ ಬೀಸುವ ಕಲ್ಲಿನಂತೆಯೇ ಅತ್ತಿತ್ತ ಆಡುತ್ತದೆ. ನಾಯಿಯ ಬುರುಡೆಯಲ್ಲಾದರೋ ಉದ್ದನೆಯ ಕೋರೆಹಲ್ಲುಗಳು. ಹಿಂದೆ ಕತ್ತರಿಯಂತೆ ಒಂದನ್ನೊಂದು ಸವರಿಕೊಂಡು ಹೋಗುವ ಹಲ್ಲುಗಳು. ಅದರ ದವಡೆ ಬಾಗಿಲ ಕೀಲಿನಂತೆ ಮೇಲೆ ಕೆಳಗೆ ಮಾತ್ರ ಆಡಬಲ್ಲದು. ಬೀಸುವುದಕ್ಕಲ್ಲ, ಕತ್ತರಿಸುವುದಕ್ಕೆ.

ಕಣ್ಣಿನ ಗುಳಿಗಳೂ ಮಾತನಾಡುತ್ತವೆ. ಮೇಕೆಯ ಕಣ್ಣುಗಳು ಪಕ್ಕಗಳಲ್ಲಿವೆ. ಮೇಯುತ್ತಿರುವಾಗಲೇ ಸುತ್ತಲಿನ ಅಪಾಯ ಕಾಣಬೇಕಲ್ಲವೇ? ಬೆಕ್ಕಿನ ಕಣ್ಣುಗಳು ಮುಂದಕ್ಕೆ ತಿರುಗಿವೆ. ನೆಗೆಯುವ ಮೊದಲು ದೂರವನ್ನು ಅಳೆಯುವುದು ಅದರ ಕೆಲಸ.

ಈ ವಿದ್ಯೆ ನಮ್ಮವರಿಗೆ ಹೊಸದಲ್ಲ. ದನದ ಜಾತ್ರೆಯಲ್ಲಿ ನಮ್ಮ ಹಿರಿಯರು ಎತ್ತಿನ ತುಟಿ ಸರಿಸಿ, ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂದು ನೋಡಿಯೇ ವ್ಯಾಪಾರ ಮಾಡುತ್ತಿದ್ದರು. ಮಾರುವವನು ಬುರುಡೆ ಬಿಟ್ಟಾನು, ಹಲ್ಲು ಬಿಡದು!

ಹತ್ತಿರದ ಬಂಧುಗಳ ನಡುವಿನ ಭೇದವನ್ನೂ ಬುರುಡೆ ತಿಳಿಸುತ್ತದೆ. ಚಿರತೆಯ ಕೋರೆಹಲ್ಲು ದಪ್ಪ, ಉದ್ದ. ಸಿವಂಗಿಯದು ಅದಕ್ಕಿಂತ ಚಿಕ್ಕದು. ಓಟಗಾರ ಸಿವಂಗಿಗೆ ಉಸಿರಾಟಕ್ಕೆ ಅಗಲವಾದ ಮೂಗಿನ ದಾರಿ ಬೇಕು. ಅದಕ್ಕೆ ಎಡೆ ಬಿಟ್ಟುಕೊಟ್ಟು ಹಲ್ಲಿನ ಬೇರುಗಳು ಕಿರಿದಾಗಿವೆ. ಈ ಸಿವಂಗಿ ನಮ್ಮ ದೇಶದಿಂದ ಅಳಿದುಹೋಯಿತೆಂದು 1952ರಲ್ಲಿ ಸಾರಲಾಯಿತು. 2022ರಲ್ಲಿ ಆಫ್ರಿಕದಿಂದ ತಂದು ಮಧ್ಯಪ್ರದೇಶದ ಕೂನೋ ಕಾಡಿನಲ್ಲಿ ಬಿಟ್ಟಿದ್ದಾರೆ.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಗೋಕಾಕ ಸೀಮೆಯಲ್ಲಿ ಖಡ್ಗಮೃಗವಿತ್ತು! ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಅವರು ಅಲ್ಲಿ ದೊರೆತ ಪಳೆಯುಳಿಕೆಗಳನ್ನು 1874ರಲ್ಲಿ ವರ್ಣಿಸಿ, ಆ ಪ್ರಾಣಿಗೆ ದಖ್ಖನಿನ ಹೆಸರನ್ನೇ ಇಟ್ಟರು. ಇಂದು ಖಡ್ಗಮೃಗವನ್ನು ಕಾಡಿನಲ್ಲಿ ನೋಡಬೇಕಾದರೆ ಅಸ್ಸಾಮಿನಂಥ ಕಡೆ ಹೋಗಬೇಕು.

ಹಾಗಾದರೆ ಬುರುಡೆಯೇ ಸಿಗದಿದ್ದರೆ? ಅದರ ಉದಾಹರಣೆ ನಮ್ಮ ಹೈದರಾಬಾದಿನಲ್ಲೇ ಇದೆ. ಮುಂದಿನ ರಜೆಯಲ್ಲಿ ಮಕ್ಕಳನ್ನು ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಕೋಟಾಸಾರಸ್ ಎಂಬ ಡೈನೋಸಾರಿನ ಅಸ್ಥಿಪಂಜರ ನಿಂತಿದೆ. ಹಿಂದಿನ ಆದಿಲಾಬಾದ್ ಜಿಲ್ಲೆಯ ಯಾಮನಪಲ್ಲಿಯಲ್ಲಿ 1970ರ ದಶಕದ ಕೊನೆಯಲ್ಲಿ ಅಗೆದು ತೆಗೆದ ಮೂಳೆಗಳು ಅವು. ಕನಿಷ್ಠ 12 ಪ್ರಾಣಿಗಳ ಸುಮಾರು 840 ಮೂಳೆಗಳು ದೊರೆತವು. ಯಾದಗಿರಿ ಎಂಬ ವಿಜ್ಞಾನಿ 1988ರಲ್ಲಿ ಅದಕ್ಕೆ ಹೆಸರಿಟ್ಟರು. 16 ಕೋಟಿ ವರ್ಷಗಳಿಗೂ ಹಿಂದಿನ ಜೀವಿ! ಇಷ್ಟೆಲ್ಲ ಸಿಕ್ಕರೂ ತಲೆಬುರುಡೆ ಸಿಗಲಿಲ್ಲ. ದೊರೆತದ್ದು ಎರಡು ಹಲ್ಲುಗಳು ಮಾತ್ರ. ಈ ಕುಲದ ಪ್ರಾಣಿಗಳ ತಲೆ ಮೈಗೆ ಹೋಲಿಸಿದರೆ ಬಲು ಚಿಕ್ಕದು, ಮೂಳೆಗಳೋ ತೆಳು. ಸತ್ತ ಮೇಲೆ ಕುತ್ತಿಗೆಯಿಂದ ಬೇಗನೆ ಕಳಚಿಕೊಂಡು ನೀರಿನ ಪಾಲಾಗುತ್ತವೆ.

“ಮತ್ತೆ ಇದಕ್ಕೆ ತಲೆ ಇದೆಯಲ್ಲ?” ಎಂದ ಅದೇ ಹುಡುಗ. ಅದು ಮನುಷ್ಯರು ಮಾಡಿ ಇಟ್ಟದ್ದು ಎಂದೆವು. “ಹಾಗಾದ್ರೆ ಆ ಬುರುಡೆ ಬರೀ ಬುರುಡೆ!” ಎಂದು ಅವನು ಕೈತಟ್ಟಿದ.

ನಾವು ತಲೆದೂಗಿದರೂ ಒಂದು ಮಾತನ್ನು ಸೇರಿಸಿದೆವು. ಬಂಧುಬಳಗದ ಪ್ರಾಣಿಗಳ ಬುರುಡೆಗಳನ್ನು ನೋಡಿ ಇದರದೂ ಹೀಗಿದ್ದೀತು ಎಂದುಕೊಳ್ಳುವುದು ಊಹೆ. ಊಹೆಯನ್ನು ಊಹೆಯೆಂದೇ ಹೇಳಿದರೆ ಸುಳ್ಳಾಗುವುದಿಲ್ಲ. ನಿಜವೆಂದು ಸಾಧಿಸಿದರೆ ಆಗ ಅದು ಬುರುಡೆ. ನಾಳೆ ಯಾವುದೋ ಹೊಲದಲ್ಲಿ ನಿಜವಾದ ತಲೆ ದೊರೆತರೆ, ಈ ತಲೆಯನ್ನು ಇಳಿಸಿ ಅದನ್ನು ಏರಿಸಬೇಕು. ವಿಜ್ಞಾನದ ದೊಡ್ಡತನ ಅದೇ.

ಆದ್ದರಿಂದ ಊರಿಗೆ ಹೋದಾಗ ಹೊಳೆಯ ದಡದಲ್ಲೋ ಕಲ್ಲುಗಣಿಯಲ್ಲೋ ಕಲ್ಲಾದ ಮೂಳೆ ಕಂಡರೆ ಒಡೆಯದಿರಿ, ಕೀಳದಿರಿ. ಚಿತ್ರ ತೆಗೆದು, ಜಾಗ ಗುರುತಿಟ್ಟು ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಗೆ ತಿಳಿಸಿ. ಕಾಡುಪ್ರಾಣಿಯ ಬುರುಡೆಯಾದರೆ ಮನೆಗೆ ತರಲೇಬೇಡಿ; 1972ರ ವನ್ಯಜೀವಿ ಕಾಯಿದೆ ಇದೆ, ಅರಣ್ಯ ಇಲಾಖೆಗೆ ತಿಳಿಸಿ. ಕೋಟಾಸಾರಸ್ಸಿನಂತೆ ಮುಖ ಕಳೆದುಕೊಂಡ ಜೀವಿ ಇನ್ನೊಂದು ಆಗದಿರಲಿ.

ಹುಡುಗ ಈಗ “ಪುರ್ರೆ” ಎನ್ನುವುದಿಲ್ಲ. ಮೇಕೆ ಕಂಡರೆ ಸಾಕು, ಬಾಯಿ ತೆರೆಸಿ ಹಲ್ಲು ನೋಡಲು ಹೊರಡುತ್ತಾನೆ. ಮೇಕೆ ಒಪ್ಪಬೇಕಷ್ಟೆ!